ಪುಟ್ಟ ಕಲಾವಿದರ ಕೊನೆಯ ಶೋಗೆ ಹೋಗುವುದು ಹೇಗೆ

ಮ್ಯೂಸಿಕಲ್‌ಗಳಲ್ಲಿ, ಅಂದರೆ ಹಾಡು ಕುಣಿತದ ಜೊತೆ ಕಥೆ ಹೇಳುವ ನಾಟಕಗಳಲ್ಲಿ, ಮುಖ್ಯ ಪಾತ್ರ ಮಾಡುವ ಮಕ್ಕಳು ಬೇಗ ಹೊರಟುಬಿಡುತ್ತಾರೆ. ದೊಡ್ಡ ನಟರು ಬೇಕೆಂದರೆ ಐದಾರು ವರ್ಷ ಬಿಟ್ಟು ಅದೇ ಪಾತ್ರಕ್ಕೆ ವಾಪಸ್ ಬರಬಹುದು. ಮಕ್ಕಳಿಗೆ ಆ ದಾರಿ ಇಲ್ಲ. ಎತ್ತರ ಬೆಳೆಯುತ್ತಾರೆ, ಹುಡುಗರ ದನಿ ಒಡೆಯುತ್ತದೆ, ಕಾಂಟ್ರ್ಯಾಕ್ಟ್ ಮುಗಿಯುತ್ತದೆ. ಹಾಗಾಗಿ ನಿಮಗೆ ಇಷ್ಟವಾದ ಹುಡುಗನೋ ಹುಡುಗಿಯೋ ಪಾತ್ರ ಬಿಡುವ ಸುದ್ದಿ ಬಂದರೆ ಖಂಡಿತ ಹೋಗಿ. ಆದರೆ ನನ್ನ ಮೊದಲ ಸಲಹೆ ಇದು: ಕೊನೆಯ ಶೋ ಒಂದಕ್ಕೇ ಟಿಕೆಟ್ ತೆಗೆಯಬೇಡಿ. ಅದರ ಹಿಂದಿನ ವಾರದ ಒಂದು ಶೋಗೂ ತೆಗೆಯಿರಿ. ಎರಡಕ್ಕೂ ದುಡ್ಡು ಸಾಲದಿದ್ದರೆ ಹಿಂದಿನ ವಾರದ್ದಕ್ಕೇ ಹೋಗಿ.

ಕೊನೆಯ ಶೋನಲ್ಲಿ ನಾಟಕ ಅರ್ಧ, ಬೀಳ್ಕೊಡುಗೆ ಅರ್ಧ. ಅಪ್ಪ, ಅಮ್ಮ, ಅಜ್ಜಿ, ಡ್ಯಾನ್ಸ್ ಟೀಚರ್, ಹಿಂದೆ ಅದೇ ಪಾತ್ರ ಮಾಡಿದ್ದ ಮಕ್ಕಳು ಎಲ್ಲರೂ ಬಂದು ಕೂತಿರುತ್ತಾರೆ. ಮಗು ಸ್ಟೇಜಿಗೆ ಕಾಲಿಟ್ಟ ಕೂಡಲೇ ಚಪ್ಪಾಳೆ. ಜೊತೆ ನಟರ ಕಣ್ಣೂ ಒದ್ದೆ. ಕೊನೆಯ ಹಾಡು ಬರುವಷ್ಟರಲ್ಲಿ ಎಷ್ಟೋ ಸಲ ಮಗುವಿನ ಗಂಟಲೂ ಕಟ್ಟಿರುತ್ತದೆ. ಅದೆಲ್ಲ ಚೆಂದವೇ. ಆದರೆ ಆ ಮಗು ಪಾತ್ರವನ್ನು ಎಲ್ಲಿಯವರೆಗೆ ಬೆಳೆಸಿದೆ ಅಂತ ನೋಡಬೇಕಾದರೆ ಯಾವ ಗದ್ದಲವೂ ಇಲ್ಲದ ಒಂದು ಮಾಮೂಲಿ ಮ್ಯಾಟಿನಿ ಬೇಕು. ನಾನು ತುಂಬ ಮೆಚ್ಚಿಕೊಂಡಿದ್ದ ಒಬ್ಬ ಹುಡುಗ ಶುರುವಿನಲ್ಲಿ ಟ್ಯಾಪ್ ಡ್ಯಾನ್ಸ್ (ಬೂಟಿನಿಂದ ನೆಲಕ್ಕೆ ತಾಳ ಹಾಕುವ ಕುಣಿತ) ಮಾಡುವಾಗ ತಾಳವನ್ನು ತುಟಿಯಲ್ಲೇ ಎಣಿಸುತ್ತಿದ್ದ. ಮುಂದಿನ ಸಾಲುಗಳಲ್ಲಿ ಕೂತವರಿಗೆ ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಬಿಡುವ ಹಿಂದಿನ ವಾರದ ಮ್ಯಾಟಿನಿಯಲ್ಲಿ ತುಟಿ ಅಲ್ಲಾಡಲೇ ಇಲ್ಲ. ಕಾಲು ತನ್ನ ಪಾಡಿಗೆ ಓಡುತ್ತಿತ್ತು, ಮುಖದಲ್ಲಿ ಪಾತ್ರದ ಸಿಟ್ಟು ಮಾತ್ರ ಇತ್ತು. ಕೊನೆಯ ರಾತ್ರಿ ಅವನು ಅಳು ತಡೆದುಕೊಂಡು ಕುಣಿದದ್ದೂ ನನಗೆ ನೆನಪಿದೆ. ಆದರೂ ಅವನ ಕೆಲಸವನ್ನು ಪೂರ್ತಿಯಾಗಿ ನೋಡಿದ್ದು ಆ ಮ್ಯಾಟಿನಿಯಲ್ಲೇ.

ಇನ್ನು ದಿನಾಂಕ ಹುಡುಕುವುದು. ಇದಕ್ಕೆ ಸ್ವಲ್ಪ ತಾಳ್ಮೆ ಬೇಕು. ವಾರಕ್ಕೆ ಎಂಟು ಶೋ ಇರುವ ದೊಡ್ಡ ಪ್ರೊಡಕ್ಷನ್‌ಗಳಲ್ಲಿ ಒಂದು ಪಾತ್ರವನ್ನು ಹಲವು ಮಕ್ಕಳು ಹಂಚಿಕೊಂಡು ಮಾಡುತ್ತಾರೆ. ನ್ಯೂಯಾರ್ಕಿನ ಥಿಯೇಟರ್ ಕೇಂದ್ರವಾದ ಬ್ರಾಡ್‌ವೇಯಲ್ಲಿ, ಡ್ಯಾನ್ಸರ್ ಆಗಲು ಹೊರಟ ಬಿಲ್ಲಿ ಎಂಬ ಹುಡುಗನ ಕಥೆಯಾದ ‘ಬಿಲ್ಲಿ ಎಲಿಯಟ್’ ಶುರುವಾದಾಗ ಮೂವರು ಹುಡುಗರು ಸರದಿಯಲ್ಲಿ ಬಿಲ್ಲಿ ಆಗಿದ್ದರು, ಅಲ್ಲಿನ ರಂಗಭೂಮಿಗೆ ಕೊಡುವ ಟೋನಿ ಪ್ರಶಸ್ತಿಯನ್ನೂ 2009ರಲ್ಲಿ ಮೂವರೂ ಸೇರಿಯೇ ಪಡೆದರು. ಲಂಡನ್ನಿನ ಥಿಯೇಟರ್ ಕೇಂದ್ರವಾದ ವೆಸ್ಟ್ ಎಂಡ್‌ನಲ್ಲಿ ‘ಮಟಿಲ್ಡಾ’ ಮ್ಯೂಸಿಕಲ್‌ನ ಮೊದಲ ನಾಲ್ವರು ಹುಡುಗಿಯರಿಗೆ ಅಲ್ಲಿನ ರಂಗಭೂಮಿಯ 2012ರ ಒಲಿವಿಯರ್ ಪ್ರಶಸ್ತಿ ಹಾಗೆಯೇ ಒಟ್ಟಿಗೆ ಸಿಕ್ಕಿತು. ಅಂದರೆ ಒಂದೇ ತಂಡದ ಮಕ್ಕಳು ಒಂದೇ ವಾರ ಬಿಟ್ಟರೂ ಒಬ್ಬಳ ಕೊನೆಯ ಶೋ ಬುಧವಾರ, ಇನ್ನೊಬ್ಬಳದು ಶನಿವಾರ ಇರಬಹುದು. ‘ಕ್ಯಾಸ್ಟ್ (ನಟರ ತಂಡ) ಬದಲಾವಣೆ’ ಅಂತ ಪ್ರಕಟವಾದ ದಿನವನ್ನೇ ನಿಮಗೆ ಇಷ್ಟವಾದ ಹುಡುಗಿಯ ಕೊನೆಯ ದಿನ ಅಂದುಕೊಂಡು ಟಿಕೆಟ್ ತೆಗೆಯಬೇಡಿ. ಕೆಲವು ಪ್ರೊಡಕ್ಷನ್‌ಗಳು ಯಾವ ಶೋಗೆ ಯಾವ ಮಗು ಅಂತ ಮುಂಚೆಯೇ ಪಟ್ಟಿ ಹಾಕುತ್ತವೆ, ಕೆಲವು ಹಾಕುವುದಿಲ್ಲ. ಹಾಕದಿದ್ದರೆ ಮಗುವಿನ ಅಪ್ಪ ಅಮ್ಮ ನೋಡಿಕೊಳ್ಳುವ ಸಾರ್ವಜನಿಕ ಖಾತೆಯಲ್ಲಿ ಅವರಾಗಿಯೇ ಹೇಳುವವರೆಗೆ ಕಾಯಿರಿ. ಮಗುವಿಗೆ ನೇರವಾಗಿ ಮೆಸೇಜ್ ಮಾಡಿ ಕೇಳುವುದು ಬೇಡವೇ ಬೇಡ.

ಪಟ್ಟಿ ಇದ್ದರೂ ಅದೇ ಕೊನೆ ಮಾತಲ್ಲ. ಮಕ್ಕಳಿಗೆ ಜ್ವರ ಬರುತ್ತದೆ, ಕಾಲು ಉಳುಕುತ್ತದೆ. ಆಗ ಇನ್ನೊಂದು ಮಗು ಸ್ಟೇಜಿಗೆ ಬರುತ್ತದೆ. ಅದಕ್ಕಾಗಿ ಟಿಕೆಟ್ ದುಡ್ಡು ವಾಪಸ್ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ. ಒಳಗೆ ಹೋದ ಕೂಡಲೇ ಲಾಬಿಯಲ್ಲಿರುವ ಕ್ಯಾಸ್ಟ್ ಬೋರ್ಡ್ (ಆ ದಿನ ಯಾರು ಯಾವ ಪಾತ್ರ ಅಂತ ತೋರಿಸುವ ಹಲಗೆ) ನೋಡಿ. ನಿಮ್ಮ ಹುಡುಗನ ಹೆಸರು ಇಲ್ಲದಿದ್ದರೂ ಕೂತು ನೋಡಿ. ಕೊನೇ ಗಳಿಗೆಯಲ್ಲಿ ಬಂದ ಆ ಇನ್ನೊಂದು ಮಗುವಿಗೂ ಅಷ್ಟೇ ಗಟ್ಟಿಯಾದ ಚಪ್ಪಾಳೆ ಸಲ್ಲಬೇಕು, ಅಲ್ವಾ?

ಸೀಟಿನ ವಿಷಯ ಬೇಗ ಹೇಳಿಬಿಡುತ್ತೇನೆ. ಎರಡು ಶೋ ನೋಡುವುದಾದರೆ ಒಂದನ್ನು ಮೇಲಿನ ಬಾಲ್ಕನಿಯ ಮೊದಲ ಸಾಲುಗಳ ಮಧ್ಯದಿಂದ ನೋಡಿ. ಡ್ಯಾನ್ಸಿನ ವಿನ್ಯಾಸ, ಗುಂಪಿನ ಓಡಾಟ, ಕಾಲಿನ ಕೆಲಸ ಎಲ್ಲ ಅಲ್ಲಿಂದಲೇ ಕಾಣುವುದು. ಇನ್ನೊಂದನ್ನು ಕೆಳಗಡೆ, ಐದನೇ ಸಾಲಿನಿಂದ ಹತ್ತನೇ ಸಾಲಿನ ಒಳಗೆ ಕೂತು ನೋಡಿ, ಮುಖ ಕಾಣುತ್ತದೆ. ಮೊದಲ ಸಾಲಿಗೆ ಆಸೆಪಡಬೇಡಿ. ಸ್ಟೇಜ್ ಎತ್ತರವಿದ್ದರೆ ಕುಣಿಯುವ ಕಾಲೇ ಕಾಣುವುದಿಲ್ಲ. ಟಿಕೆಟ್ ಖಾಲಿ ಅಂದರೆ ಶೋ ದಿನ ಬಾಕ್ಸ್ ಆಫೀಸಿನಲ್ಲಿ ವಾಪಸ್ ಬಂದ ಟಿಕೆಟ್ ಇದೆಯೇ ಅಂತ ಕೇಳಿ. ಒಬ್ಬರೇ ಹೋದರೆ ಸಿಗುವುದು ಜಾಸ್ತಿ.

ಶೋ ನಡೆಯುವಾಗ ಫೋನ್ ಆಫ್. ರೆಕಾರ್ಡ್ ಮಾಡುವುದು ನಿಷಿದ್ಧ. ಅದಕ್ಕಿಂತ ಹೆಚ್ಚಾಗಿ, ಕತ್ತಲಲ್ಲಿ ಹೊಳೆಯುವ ಒಂದು ಸ್ಕ್ರೀನ್ ಸ್ಟೇಜ್ ಮೇಲಿರುವ ಹನ್ನೊಂದು ವರ್ಷದ ಮಗುವಿನ ಗಮನ ಕೆಡಿಸಬಹುದು. ಹೆಸರು ಕೂಗಬೇಡಿ, ಒನ್ಸ್ ಮೋರ್ ಅನ್ನಬೇಡಿ. ಆರ್ಕೆಸ್ಟ್ರಾ ನಿಮಗಾಗಿ ಕಾಯುವುದಿಲ್ಲ, ನಾಟಕದ ಮುಂದಿನ ಮಾತು ನಿಮ್ಮ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಮಗುವಿಗೆ ಮಾತಿಲ್ಲದ ಜಾಗಗಳನ್ನು ಗಮನಿಸಿ. ಬೇರೆಯವರು ಹಾಡುವಾಗ ಅದು ಹೇಗೆ ಕೇಳಿಸಿಕೊಳ್ಳುತ್ತದೆ ನೋಡಿ. ತಿಂಗಳುಗಟ್ಟಲೆ ಮಾಡಿದ ಪಾತ್ರ ಎಷ್ಟು ಮೈಗೆ ಹತ್ತಿದೆ ಅಂತ ಅಲ್ಲಿ ಗೊತ್ತಾಗುತ್ತದೆ.

ಕೊನೆಯ ಶೋನಲ್ಲಿ ಪರದೆ ಬೀಳುವ ಮುಂಚೆ ಎದ್ದು ಓಡಬೇಡಿ. ಎಲ್ಲರೂ ತಲೆಬಾಗಿ ನಮಸ್ಕರಿಸಿದ ಮೇಲೆ ಹಿರಿಯ ನಟರೊಬ್ಬರು ಮುಂದೆ ಬಂದು ಮಗುವಿನ ಬಗ್ಗೆ ನಾಲ್ಕು ಮಾತಾಡುವುದುಂಟು. ಎಲ್ಲ ಕಡೆ ಇರುವುದಿಲ್ಲ, ಇದ್ದರೆ ತಪ್ಪಿಸಿಕೊಳ್ಳಬಾರದು. ಕೊನೆಯ ರೈಲು ಹಿಡಿಯುವವರು ಶೋ ಮುಗಿಯುವ ಸಮಯಕ್ಕೆ ಕಾಲು ಗಂಟೆ ಸೇರಿಸಿ ಲೆಕ್ಕ ಹಾಕಿ. ಅದೇ ದಿನ ಬೇರೆ ಚಿಕ್ಕ ಪಾತ್ರದ ಮಗುವೂ ಬಿಡುತ್ತಿರಬಹುದು. ಅವರಿಗೆ ಅಭಿಮಾನಿಗಳು ಕಡಿಮೆ. ಅವರ ಹೆಸರನ್ನೂ ಮುಂಚೆ ತಿಳಿದುಕೊಂಡು ಹೋಗಿ.

ಉಡುಗೊರೆ ಏನು ಕೊಡಲಿ ಅಂತ ಎಲ್ಲರೂ ಕೇಳುತ್ತಾರೆ. ಪತ್ರ ಕೊಡಿ. ತಿಂಡಿ ಬೇಡ, ಅಲರ್ಜಿ ಇರಬಹುದು, ಅಪರಿಚಿತರು ಕೊಟ್ಟದ್ದನ್ನು ಮನೆಯವರು ತಿನ್ನಿಸುವುದೂ ಇಲ್ಲ. ದೊಡ್ಡ ಗೊಂಬೆ ಬೇಡ, ಆ ದಿನ ಡ್ರೆಸಿಂಗ್ ರೂಮ್ ಖಾಲಿ ಮಾಡಿ ಎಲ್ಲವನ್ನೂ ಮನೆಗೆ ಹೊರಬೇಕು. ಸ್ಟೇಜ್ ಮೇಲೆ ಹೂವು ಎಸೆಯಬೇಡಿ, ಕುಣಿಯುವವರು ಜಾರುತ್ತಾರೆ. ಪತ್ರವನ್ನು ಮೊದಲು ಅಪ್ಪ ಅಮ್ಮ ಓದುತ್ತಾರೆ ಅಂತಲೇ ತಿಳಿದು ಬರೆಯಿರಿ. ‘ನೀನು ಸೂಪರ್’ ಅನ್ನುವುದನ್ನು ಎಲ್ಲರೂ ಬರೆಯುತ್ತಾರೆ. ನೀವು ಒಂದೇ ಒಂದು ಕ್ಷಣವನ್ನು ಹಿಡಿದು ಬರೆಯಿರಿ: ಮೊದಲ ಅಂಕದಲ್ಲಿ ಅಮ್ಮನ ಪತ್ರ ಓದುವ ಮುಂಚೆ ನೀನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದೆಯಲ್ಲ, ಅದು ನನಗೆ ತುಂಬ ಇಷ್ಟ. ಈ ಥರ. ಆ ಮಗು ಯೋಚಿಸಿ ಮಾಡಿದ ಕೆಲಸವನ್ನು ಯಾರೋ ಒಬ್ಬರು ಕಂಡರು ಅಂತ ಅದಕ್ಕೆ ತಿಳಿಯಲಿ. ರೂಪದ ಬಗ್ಗೆ ಬರೆಯಬೇಡಿ. ಶಾಲೆ, ಮನೆ, ಫೋನ್ ನಂಬರ್ ಕೇಳಬೇಡಿ. ಉತ್ತರವನ್ನೂ ಕೇಳಬೇಡಿ. ಕವರ್ ಮೇಲೆ ಮಗುವಿನ ಹೆಸರು, ಶೋ ಹೆಸರು ಬರೆದು ಎರಡು ಮೂರು ದಿನ ಮುಂಚೆಯೇ ಸ್ಟೇಜ್ ಡೋರ್ (ನಟರು ಬಂದುಹೋಗುವ ಬಾಗಿಲು) ಸಿಬ್ಬಂದಿಗೆ ಕೊಟ್ಟುಬಿಡಿ. ಕೊನೆಯ ದಿನದ ಗಡಿಬಿಡಿಯಲ್ಲಿ ಕಳೆದುಹೋಗುವುದಿಲ್ಲ.

ಶೋ ಮುಗಿದ ಮೇಲೆ ಸ್ಟೇಜ್ ಡೋರ್ ಹತ್ತಿರ ನಿಲ್ಲಬಹುದು. ಆದರೆ ಮಗು ಬಂದೇ ಬರುತ್ತದೆ ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ 2014ರ ನಿಯಮಗಳ ಪ್ರಕಾರ ಒಂಬತ್ತು ವರ್ಷ ದಾಟಿದ ಮಕ್ಕಳೂ ಸಾಮಾನ್ಯವಾಗಿ ರಾತ್ರಿ 11ರ ಹೊತ್ತಿಗೆ ಥಿಯೇಟರ್ ಬಿಟ್ಟಿರಬೇಕು. ಅಪ್ಪ ಅಮ್ಮನೋ ಟೀಚರೋ ಇಲ್ಲದಾಗ ಲೈಸೆನ್ಸ್ ಪಡೆದ ಶಾಪರೋನ್ (ಮಕ್ಕಳನ್ನು ನೋಡಿಕೊಳ್ಳುವ ದೊಡ್ಡವರು) ಜೊತೆಗಿರಬೇಕು, ಒಬ್ಬ ಶಾಪರೋನ್ ಹನ್ನೆರಡಕ್ಕಿಂತ ಹೆಚ್ಚು ಮಕ್ಕಳನ್ನು ನೋಡಿಕೊಳ್ಳುವಂತಿಲ್ಲ. ಅವರು ಸಾಕು ಅಂದರೆ ಸಾಕು. ಮಗು ಹೊರಗೆ ಬಂದರೆ ಪ್ರೋಗ್ರಾಮ್ ಪುಸ್ತಕದ ಪುಟ ತೆರೆದಿಟ್ಟುಕೊಂಡಿರಿ. ನುಣುಪು ಕಾಗದಕ್ಕೆ ಸಾದಾ ಪೆನ್ ಹತ್ತುವುದಿಲ್ಲ, ಮಾರ್ಕರ್ ತನ್ನಿ. ಫೋಟೋ ಬೇಕಿದ್ದರೆ ಮಗುವನ್ನಲ್ಲ, ಮೊದಲು ಜೊತೆಗಿರುವ ದೊಡ್ಡವರನ್ನು ಕೇಳಿ. ಥ್ಯಾಂಕ್ಸ್ ಹೇಳಿ ಪಕ್ಕಕ್ಕೆ ಸರಿಯಿರಿ. ಕಾರಿನವರೆಗೆ, ಸ್ಟೇಷನ್‌ವರೆಗೆ ಹಿಂದೆ ಹೋಗಬೇಡಿ. ಮುಂದಿನ ಶೋ ಯಾವುದು ಅಂತಲೂ ಕೇಳಬೇಡಿ. ಬಹಳ ಮಕ್ಕಳಿಗೆ ಆ ರಾತ್ರಿ ಅದಕ್ಕೆ ಉತ್ತರ ಇರುವುದಿಲ್ಲ, ಆ ಪ್ರಶ್ನೆ ಚುಚ್ಚುತ್ತದೆ.

ಆಮೇಲೆ ಅವರನ್ನು ಬಿಟ್ಟುಬಿಡಿ. ಈಗ ಸ್ಪೈಡರ್‌ಮ್ಯಾನ್ ಸಿನಿಮಾಗಳಿಂದ ಹೆಸರಾದ ಟಾಮ್ ಹಾಲೆಂಡ್ 2010ರ ಮೇ ತಿಂಗಳಲ್ಲಿ ಲಂಡನ್ನಿನ ಬಿಲ್ಲಿ ಪಾತ್ರ ಬಿಟ್ಟು ಸಿನಿಮಾಕ್ಕೆ ಹೋದರು. ಲಂಡನ್ನಿನ ಮೊದಲ ಬಿಲ್ಲಿಗಳಲ್ಲಿ ಒಬ್ಬರಾದ ಲಿಯಂ ಮೋವರ್ ಮುಂದೆ ವೃತ್ತಿಪರ ಡ್ಯಾನ್ಸರ್ ಆದರು. ಎಷ್ಟೋ ಮಕ್ಕಳು ಶಾಲೆಗೆ ವಾಪಸ್ ಹೋಗಿ ಮತ್ತೆ ಸ್ಟೇಜ್ ಹತ್ತುವುದೇ ಇಲ್ಲ, ಅದು ಅವರ ಇಷ್ಟ. ಮುಂದೆ ಯಾವತ್ತಾದರೂ ಅವರ ಹೆಸರು ಒಂದು ಪೋಸ್ಟರ್‌ನಲ್ಲಿ ಕಂಡರೆ ಟಿಕೆಟ್ ತೆಗೆಯಿರಿ. ಅಷ್ಟರವರೆಗೆ ಅದೇ ಪಾತ್ರಕ್ಕೆ ಬಂದ ಹೊಸ ಮಗುವಿನ ಮೊದಲ ವಾರಗಳ ಒಂದು ಶೋ ನೋಡಿ ಬನ್ನಿ. ಅದೂ ತುಟಿಯಲ್ಲಿ ಎಣಿಸುತ್ತಿರಬಹುದು.