ಒಸಿರಿಸ್ ಕಂಚಿನ ಮೇಲೆ ಹಸಿರು ಪುಡಿ ಉದುರಿದಾಗ ನಾನು ಮಾಡುವುದು

ಈಜಿಪ್ಟಿನ ಮೃತಲೋಕದ ದೇವರು ಒಸಿರಿಸ್‌ನ ಕಂಚುಗಳಲ್ಲಿ ಬಹುಪಾಲು ಕ್ರಿ.ಪೂ. 664ರ ಈಚಿನವು, ಮೇಣದಚ್ಚಿನಲ್ಲಿ ಎರಕ ಹೊಯ್ದ ಹರಕೆಯ ಮೂರ್ತಿಗಳು. ದೇಗುಲದಲ್ಲಿ ಜಾಗ ಸಾಲದಾದಾಗ ಅವನ್ನು ರಾಶಿಯಾಗಿ ಹೂಳುತ್ತಿದ್ದರು. ಕೈರೋ ಬಳಿಯ ಪ್ರಾಚೀನ ಸಮಾಧಿನೆಲ ಸಕ್ಕಾರಾದಲ್ಲಿ ಅಂಥ ರಾಶಿಗಳು ಸಿಕ್ಕಿವೆ. ಅಲ್ಲಿನ ಉಪ್ಪುಮಣ್ಣಿನ ಕ್ಲೋರೈಡ್ ಲೋಹದೊಳಗೆ ಇಳಿದು ಕೂತಿರುತ್ತದೆ. ಗಾಳಿಯ ತೇವಾಂಶ ಶೇ. 42–46 ದಾಟಿದರೆ ಅದು ಎಚ್ಚರಗೊಂಡು ತಾಮ್ರವನ್ನು ತಿನ್ನತೊಡಗುತ್ತದೆ. ಇದೇ ಕಂಚಿನ ರೋಗ.

ಮೊದಲು ನೋಡುವುದು ಕಿರೀಟದ ಗರಿ ಸೇರುವ ಸಂದು, ಕೊಕ್ಕೆಕೋಲು ಮತ್ತು ಚಾಟಿ ಹಿಡಿದ ಕೈಗಳ ಅಡಿ, ಪಾದದ ಕೆಳಗಿನ ಗೂಟ. ಸೂಜಿಗೆ ಉದುರುವ ತಿಳಿಹಸಿರು ಪುಡಿಯಾದರೆ ರೋಗ. ಗಟ್ಟಿಯಾಗಿ ನಯವಾಗಿರುವ ಕಡುಹಸಿರು ಮ್ಯಾಲಕೈಟ್ ಎಂಬ ನಿರಪಾಯ ತುಕ್ಕು, ಅದನ್ನು ಮುಟ್ಟುವುದಿಲ್ಲ. ತಿಳಿನೀಲಿ ಬೂಷ್ಟಿನಂತೆ ಕಂಡರೆ ಸಂಶಯ ಮರದ ಬೀರುವಿನ ಮೇಲೆ: ಮರ ಬಿಡುವ ಅಸಿಟಿಕ್ ಆಮ್ಲ, ಹಳೆಯ ಸೋಡಾ ತೊಳೆತದಿಂದ ಉಳಿದ ಸೋಡಿಯಂ ಸೇರಿ ಹಾಗಾಗುತ್ತದೆ. ಅನುಮಾನವಿದ್ದರೆ ಒಂದು ಕಣವನ್ನು ತೆಳು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಸಿಲ್ವರ್ ನೈಟ್ರೇಟ್ ತೊಟ್ಟಿಕ್ಕಿಸುತ್ತೇನೆ. ಬೆಳ್ಳಗೆ ಕದಡಿದರೆ ಕ್ಲೋರೈಡ್.

ಎಕ್ಸ್-ರೇ ಇಲ್ಲದೆ ಕೆಲಸಕ್ಕೆ ಕೈಹಾಕುವುದಿಲ್ಲ. ದೊಡ್ಡ ಮೂರ್ತಿಗಳು ಸಾಮಾನ್ಯವಾಗಿ ಟೊಳ್ಳು. ಒಳಗಿನ ಮಣ್ಣು-ಮರಳಿನ ತಿರುಳು ಉಪ್ಪನ್ನೂ ನೀರನ್ನೂ ಹಿಡಿದುಕೊಳ್ಳುತ್ತದೆ. ಚಿನ್ನದ ತಗಡಿನ ಕೆಳಗೆ ಸುಣ್ಣದ ಲೇಪವಿದ್ದರೆ ನೀರಿಗೆ ಎದ್ದುಬರುತ್ತದೆ. ಹಾಗಾಗಿ ನೀರಿನ ತೊಟ್ಟಿ ಬೇಡ, ಎಲ್ಲವೂ ಆಲ್ಕೊಹಾಲಿನಲ್ಲೇ. ಮನೆಯ ಹಿತ್ತಾಳೆಗೆ ಹಚ್ಚುವ ಹುಣಸೆಹಣ್ಣಂತೂ ಹತ್ತಿರವೂ ಸುಳಿಯಬಾರದು. ಅದು ಹಸಿರಿನ ಜೊತೆ ದೇವರ ಮುಖವನ್ನೂ ತೆಗೆಯುತ್ತದೆ, ಏಕೆಂದರೆ ಮೂಲ ಮೇಲ್ಮೈ ಉಳಿದಿರುವುದೇ ಆ ತುಕ್ಕಿನ ಪದರದೊಳಗೆ.

ಸೂಕ್ಷ್ಮದರ್ಶಕದಡಿ 10ರಿಂದ 40 ಪಟ್ಟು ಹಿಗ್ಗಿಸಿಕೊಂಡು ಸ್ಕಾಲ್ಪೆಲ್‌ನಿಂದ ಗುಳಿಯನ್ನು ಕೆರೆಯುತ್ತೇನೆ. ಪುಡಿಯ ಕೆಳಗೆ ಮೇಣದಂಥ ಬೂದುಬಣ್ಣದ್ದು ಸಿಗುತ್ತದೆ. ಅದೇ ಕ್ಯೂಪ್ರಸ್ ಕ್ಲೋರೈಡ್, ರೋಗದ ಬೇರು. ಅದು ಹೋಗಬೇಕು, ಆದರೆ ಕೆಂಪು ಕ್ಯೂಪ್ರೈಟ್ (ತಾಮ್ರದ ಆಕ್ಸೈಡ್) ಕಂಡಲ್ಲಿ ಬ್ಲೇಡು ನಿಲ್ಲಬೇಕು. ಇವುಗಳಲ್ಲಿ ಸೀಸ ಧಾರಾಳವಾಗಿರುವುದರಿಂದ ಲೋಹ ಮೆತ್ತಗೆ, ಗೀರು ಬೇಗ ಬೀಳುತ್ತದೆ.

ಅಸಿಟೋನಿನಿಂದ ಒಣಗಿಸಿದ ಮೇಲೆ ಒಂದು ಲೀಟರ್ ಎಥನಾಲ್‌ಗೆ 30 ಗ್ರಾಂ ಬೆಂಜೋಟ್ರಯಜೋಲ್ (ತಾಮ್ರದ ತುಕ್ಕು ತಡೆಯುವ ರಾಸಾಯನಿಕ) ಲೆಕ್ಕದಲ್ಲಿ ಕಲಸಿದ ದ್ರಾವಣದಲ್ಲಿ ಮೂರ್ತಿಯನ್ನು ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ನಿರ್ವಾತದಲ್ಲಿಟ್ಟು, 24 ಗಂಟೆ ಬಿಡುತ್ತೇನೆ. ಇದು ವಿಷ: ನೈಟ್ರೈಲ್ ಕೈಗವಸು, ಹೊಗೆಗೂಡು ಎರಡೂ ಇರಲೇಬೇಕು. ಹೊರತೆಗೆದ ಕೂಡಲೇ ಎಥನಾಲ್‌ನಲ್ಲಿ ಅದ್ದದಿದ್ದರೆ ಬಿಳಿ ಹರಳು ಕಟ್ಟುತ್ತದೆ.

ಪರೀಕ್ಷೆಗೆ ತೇವಾಂಶ ಶೇ. 90 ಮೀರಿದ ಮುಚ್ಚಿದ ಡಬ್ಬಿಯಲ್ಲಿ ಒಂದು ದಿನ. ಹಸಿರು ಚುಕ್ಕೆ ಮತ್ತೆ ಎದ್ದರೆ ಮತ್ತೆ ಮೊದಲಿನಿಂದ. ಹಟಮಾರಿ ಗುಳಿಗೆ ಸಿಲ್ವರ್ ಆಕ್ಸೈಡನ್ನು ಆಲ್ಕೊಹಾಲಿನಲ್ಲಿ ಕಲಸಿ ಒತ್ತಿ ತುಂಬುತ್ತೇನೆ. ತೇವದಲ್ಲಿ ಅದು ಸಿಲ್ವರ್ ಕ್ಲೋರೈಡ್ ಆಗಿ ಕಂದು ಬಿರಡೆಯಂತೆ ಕೂರುತ್ತದೆ. ಕೊನೆಗೆ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ಮೆರುಗೆಣ್ಣೆ ತೆಳುವಾಗಿ ಎರಡು ಕೈ.

ಬೆಂಜೋಟ್ರಯಜೋಲ್ ಕ್ಲೋರೈಡನ್ನು ಹೊರಹಾಕುವುದಿಲ್ಲ, ಮುಚ್ಚುತ್ತದೆ ಅಷ್ಟೆ. ಆದ್ದರಿಂದ ನಿಜವಾದ ಚಿಕಿತ್ಸೆ ಒಣ ಗಾಳಿಯೇ. 20 ಲೀಟರಿನ, ಬಿಗಿ ಮುಚ್ಚಳದ ಪಾಲಿಥೀನ್ ಡಬ್ಬಿಗೆ ಸುಮಾರು 400 ಗ್ರಾಂ ಒಣ ಸಿಲಿಕಾ ಜೆಲ್ ಹಾಕಿ, ಒಳಗೆ ತೇವಾಂಶಮಾಪಕ ಇಟ್ಟು ಶೇ. 35ರೊಳಗೆ ಕಾಯ್ದುಕೊಳ್ಳುತ್ತೇನೆ. ಮುಳ್ಳು 40ರತ್ತ ಹೊರಟರೆ ಜೆಲ್ ಬದಲಿಸುವ ಹೊತ್ತು.