ಕೊನೆಯ ಮೂರು ಅಂಕಿ: ಸ್ಕ್ರಿಪ್ಟ್ ಓಡಿಸಿದರೆ ಬೀಳುತ್ತಿದ್ದ ಅಪಾಚೆಯನ್ನು ನಿಲ್ಲಿಸಿದ ಬಗೆ

ಮೂರು ವಾರಗಳಾದವು. ಮುನ್ನೂರಕ್ಕೂ ಹೆಚ್ಚು ಲೇಖನಗಳ ಮೇಲೆ ದಿನಕ್ಕೊಮ್ಮೆಯಾದರೂ ಅದೇ ಸ್ಕ್ರಿಪ್ಟ್ ಓಡಿಸುತ್ತಿದ್ದೇನೆ, ನನ್ನ ವಿಂಡೋಸ್ ಯಂತ್ರದಲ್ಲಿ ಪುಟಗಳನ್ನು ಬ್ರೌಸರ್‌ಗೆ ಕೊಡುವ ವೆಬ್ ಸರ್ವರ್ ಆದ ಅಪಾಚೆ ಒಮ್ಮೆಯೂ ಬಿದ್ದಿಲ್ಲ. "ವಿಂಡೋಸ್ ಮೇಲೆ ಇದು ಆಗುವ ಕೆಲಸವಲ್ಲ, ಸುಮ್ಮನೆ ಲಿನಕ್ಸ್‌ಗೆ ಹೋಗಿ" ಎಂದು ನನಗಿಂತ ಅನುಭವಸ್ಥರಾದ ಇಬ್ಬರು ಹೇಳಿದ್ದರು. ಮೂರನೆಯವರು ಲಾಗ್ ಕೂಡ ನೋಡದೆ ಮೆಮೊರಿ ಕೆಟ್ಟಿದೆ ಎಂದು ತೀರ್ಪು ಕೊಟ್ಟಿದ್ದರು. ಈಗ ಅವರಲ್ಲೊಬ್ಬರು ನನ್ನ ಕಾನ್ಫಿಗ್ ಫೈಲ್ ಕೇಳಿ ತರಿಸಿಕೊಂಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಯಂತ್ರದಲ್ಲಿದ್ದದ್ದು ಅಪಾಚೆ 2.4, ಅದರೊಳಗೆ ಮಾಡ್ಯೂಲ್ ಆಗಿ, ಸ್ಕ್ರಿಪ್ಟ್ ಬರೆಯುವ ಭಾಷೆಯಾದ ಪಿಎಚ್‌ಪಿ 5.6, ಎರಡೂ 32 ಬಿಟ್. 5.6ರ ಬೆಂಬಲ 2018ರ ಕೊನೆಗೇ ಮುಗಿದಿದೆ, ಗೊತ್ತು. ಆದರೆ ಗ್ರಾಹಕರ ಕೋಡ್ ತುಂಬ ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳಿವೆ, ಅವನ್ನು 7.0ರಲ್ಲಿ ತೆಗೆದೇಹಾಕಿದ್ದಾರೆ. ಹಳೆಯ ಲೇಖನಗಳನ್ನು ಶುದ್ಧ ಮಾಡಿ ಹೊಸ ಜಾಗಕ್ಕೆ ಸಾಗಿಸುವವರೆಗೆ ಹಳೆಯ ಆವೃತ್ತಿಯನ್ನು ಬಿಡುವಂತಿರಲಿಲ್ಲ. ನನ್ನ ಸ್ಕ್ರಿಪ್ಟ್ ಮಾಡುವುದೂ ಅಷ್ಟೇ: ಡೇಟಾಬೇಸ್‌ನಿಂದ ಲೇಖನ ಎತ್ತಿಕೊಂಡು, ಎರಡು ಗುರುತುಗಳ ನಡುವಿನ ಭಾಗವನ್ನು ರೆಗ್ಯುಲರ್ ಎಕ್ಸ್‌ಪ್ರೆಷನ್‌ನಿಂದ (ಪಠ್ಯ ಹುಡುಕುವ ಪ್ಯಾಟರ್ನ್, ಅಂದರೆ ಮಾದರಿ) ಹಿಡಿದು, ತಿದ್ದಿ, ಮರಳಿ ಬರೆಯುವುದು.

ಓಡಿಸಿದರೆ ಬ್ರೌಸರ್‌ನಲ್ಲಿ ಸಂಪರ್ಕ ಕಡಿದುಹೋಯಿತು ಎಂಬ ಸಂದೇಶ. ಪಿಎಚ್‌ಪಿಯ ಎರರ್ ಲಾಗ್ ಖಾಲಿ. ಪುಟವನ್ನು ಮತ್ತೊಮ್ಮೆ ತೆರೆದರೆ ಉಳಿದದ್ದೆಲ್ಲ ಏನೂ ಆಗದಂತೆ ನಡೆಯುತ್ತಿತ್ತು. ಮೊದಲ ವಾರ ನಾನು ಮೋಸಹೋದದ್ದು ಇಲ್ಲೇ. ವಿಂಡೋಸ್‌ನಲ್ಲಿ ಕೋರಿಕೆಗಳನ್ನು ನಿಭಾಯಿಸುವ ಅಪಾಚೆಯ ಎಲ್ಲ ಥ್ರೆಡ್‌ಗಳೂ (ಏಕಕಾಲಕ್ಕೆ ನಡೆಯುವ ಕೆಲಸದ ಎಳೆಗಳು) ಪೇರೆಂಟ್ ಪ್ರೊಸೆಸ್ ಎಬ್ಬಿಸಿದ ಒಂದೇ ಚೈಲ್ಡ್ ಪ್ರೊಸೆಸ್‌ನಲ್ಲಿರುತ್ತವೆ. ಒಂದು ಸ್ಕ್ರಿಪ್ಟ್ ಅದನ್ನು ಉರುಳಿಸಿದರೆ ಆ ಹೊತ್ತಿನಲ್ಲಿ ನಡೆಯುತ್ತಿದ್ದ ಎಲ್ಲ ಕೋರಿಕೆಗಳೂ ಜೊತೆಯಲ್ಲೇ ಬೀಳುತ್ತವೆ, ಪೇರೆಂಟ್ ತಕ್ಷಣ ಹೊಸ ಚೈಲ್ಡ್ ಅನ್ನು ಎಬ್ಬಿಸುತ್ತದೆ. ಹಾಗಾಗಿ ಬೇರೆ ಟ್ಯಾಬ್‌ನಲ್ಲಿ ತೆರೆದಿದ್ದ, ಯಾವ ತಪ್ಪೂ ಇಲ್ಲದ ಪುಟಗಳು ಕೂಡ ಕೆಟ್ಟಂತೆ ಕಾಣುತ್ತಿದ್ದವು. ನಾನು ಅವುಗಳ ಹಿಂದೆ ಬಿದ್ದೆ.

ಏನೇನು ಮಾಡಿದೆ ಎಂದರೆ: ಎಲ್ಲ ಸೇರಿದ ಸಿದ್ಧ ಪ್ಯಾಕೇಜ್ ಅನ್ನು ಎರಡು ಬಾರಿ ಕಿತ್ತು ಮತ್ತೆ ಹಾಕಿದೆ. ಹಳೆಯ ಡಿಎಲ್‌ಎಲ್ (ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್ ಫೈಲ್) ಏನಾದರೂ ಸಿಸ್ಟಮ್ ಫೋಲ್ಡರ್‌ನಲ್ಲಿ ಕುಳಿತಿದೆಯೇ ಎಂದು ಹುಡುಕಿ, ಎರಡು ಸಿಕ್ಕವು, ಅಳಿಸಿದೆ. ಪಿಎಚ್‌ಪಿಯ ವೇಗ ಹೆಚ್ಚಿಸುವ ಓಪಿಕ್ಯಾಶ್ ನಿಲ್ಲಿಸಿದೆ. ದೋಷ ಹುಡುಕುವ ಸಾಧನವಾದ ಎಕ್ಸ್‌ಡೀಬಗ್ ತೆಗೆದೆ. ಮೆಮೊರಿ ಲಿಮಿಟ್ ಅನ್ನು 128 ಎಂಬಿಯಿಂದ 1 ಜಿಬಿಗೆ ಏರಿಸಿದೆ. ಆಂಟಿವೈರಸ್ ನಿಲ್ಲಿಸಿ ನೋಡಿದೆ. ಪ್ರತಿಯೊಂದಕ್ಕೂ ಅರ್ಧ ದಿನ ಹೋಯಿತು, ಪ್ರತಿ ಸಲವೂ ಅದೇ ಲೇಖನ ಸಂಖ್ಯೆ ಹನ್ನೆರಡಕ್ಕೆ ಬಂದಾಗ ಬಿತ್ತು.

ಹಣದ ಮಾತೂ ಹೇಳಬೇಕು. ಮೆಮೊರಿ ಕೆಟ್ಟಿದೆ ಎಂದವರ ಮಾತು ನಂಬಿ ಹೊಸ ರ‍್ಯಾಮ್ ಕೊಂಡೆ. ಈ ಕೆಲಸಕ್ಕೆ ಒಪ್ಪಿಕೊಂಡ ಸಂಭಾವನೆಯಲ್ಲಿ ಐದನೆಯ ಒಂದು ಪಾಲು ಅಲ್ಲಿಗೆ ಹೋಯಿತು. ಲಿನಕ್ಸ್ ಎಂದವರ ಮಾತು ಕೇಳಿ ಎರಡು ತಿಂಗಳಿಗೆ ಬಾಡಿಗೆ ಸರ್ವರ್ ಹಿಡಿದೆ. ದೂರದಿಂದ ನೋಡಿಕೊಡುತ್ತೇನೆಂದ ಒಬ್ಬರಿಗೆ ಎರಡು ಗಂಟೆಯ ಕೂಲಿ ಕೊಟ್ಟೆ. ಅವರು ಮಾಡಿದ್ದು ಮೂರನೆಯ ಬಾರಿಯ ಮರುಸ್ಥಾಪನೆ. ಒಟ್ಟಿನಲ್ಲಿ ಸಂಭಾವನೆಯ ಮೂರನೆಯ ಒಂದು ಪಾಲು ಕೆಲಸ ಮುಗಿಯುವ ಮೊದಲೇ ಕರಗಿತು. ಒಪ್ಪಿಸುವುದು ತಡವಾದ್ದರಿಂದ ಎರಡನೆಯ ಕಂತು ನಿಂತುಹೋದದ್ದು ಬೇರೆ.

ದಾರಿ ತಿರುಗಿದ್ದು ಅಪಾಚೆಯ ಸ್ವಂತ ಎರರ್ ಲಾಗ್ ಅನ್ನು ನಿಧಾನವಾಗಿ ಓದಿದಾಗ. ಚೈಲ್ಡ್ ಪ್ರೊಸೆಸ್ ಇಂಥ ಸ್ಥಿತಿಯಲ್ಲಿ ಕೊನೆಗೊಂಡಿದೆ, ಮತ್ತೆ ಆರಂಭಿಸುತ್ತಿದ್ದೇನೆ ಎಂಬ ಸಾಲು ಅಲ್ಲಿ ಹತ್ತಾರು ಬಾರಿ ಇತ್ತು. ನಾವೆಲ್ಲ ಹೆಚ್ಚಾಗಿ ನೋಡಿರುವ ಸಂಖ್ಯೆ 3221225477. ತನ್ನದಲ್ಲದ ಮೆಮೊರಿಗೆ ಕೈಹಾಕಿದಾಗ ಬರುವುದು ಅದು, ಅದಕ್ಕೆ ಮೊದಲು ಡಿಎಲ್‌ಎಲ್‌ಗಳನ್ನೇ ಅನುಮಾನಿಸುವುದು ರೂಢಿ. ನನ್ನ ಲಾಗ್‌ನಲ್ಲಿದ್ದದ್ದು 3221225725. ಮೊದಲ ಏಳು ಅಂಕಿಗಳು ಒಂದೇ, ಕೊನೆಯ ಮೂರು ಬೇರೆ. ಹತ್ತು ದಿನ ನಾನು 725 ಅನ್ನು 477 ಎಂದೇ ಓದುತ್ತಿದ್ದೆ. 725 ಎಂದರೆ ಸ್ಟ್ಯಾಕ್ ತುಂಬಿ ಹರಿದಿದೆ ಎಂದು. ಸ್ಟ್ಯಾಕ್ ಎಂದರೆ ಫಂಕ್ಷನ್‌ಗಳು ಒಂದನ್ನೊಂದು ಕರೆಯುವಾಗ ಲೆಕ್ಕವಿಡಲು ಪ್ರತಿ ಥ್ರೆಡ್‌ಗೂ ಮೀಸಲಾದ ಸೀಮಿತ ಜಾಗ. ರ‍್ಯಾಮ್‌ಗೂ ಅದಕ್ಕೂ ಸಂಬಂಧವಿಲ್ಲ, ಪಿಎಚ್‌ಪಿಯ ಮೆಮೊರಿ ಲಿಮಿಟ್‌ಗೂ ಸಂಬಂಧವಿಲ್ಲ. ಆ ಲಿಮಿಟ್ ಥ್ರೆಡ್‌ನ ಸ್ಟ್ಯಾಕ್ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಆಮೇಲೆ ಜಾಗ ಹಿಡಿಯುವುದು. ಪ್ರೊಸೆಸ್ಸೇ ಸಾಯುವಾಗ ಎಕೋ ಮಾಡಿದ್ದು ಬಫರ್‌ನಲ್ಲೇ ಸಾಯುತ್ತದೆ, ಹಾಗಾಗಿ ಪ್ರತಿ ಹೆಜ್ಜೆಯ ಮುಂಚೆ ಮತ್ತು ನಂತರ ಒಂದು ಪಠ್ಯ ಫೈಲ್‌ಗೆ ಒಂದೊಂದು ಸಾಲು ಸೇರಿಸಿದೆ. ಓಡಿಸಿ, ಫೈಲ್ ತೆರೆದೆ. "11 ಮೊದಲು", "11 ನಂತರ", "12 ಮೊದಲು". ಅಲ್ಲಿಗೆ ನಿಂತಿತ್ತು. ಕರ್ಸರ್ ಖಾಲಿ ಸಾಲಿನಲ್ಲಿ ಮಿನುಗುತ್ತಿತ್ತು. ಆ ಸಾಲಿಗೂ ಬರಬೇಕಿದ್ದ "12 ನಂತರ" ಎಂಬುದಕ್ಕೂ ನಡುವೆ ಇದ್ದದ್ದು ಒಂದೇ ಒಂದು ಪ್ರೆಗ್ ರಿಪ್ಲೇಸ್ ಕರೆ, ಅಂದರೆ ಪ್ಯಾಟರ್ನ್‌ಗೆ ಹೊಂದುವ ಪಠ್ಯವನ್ನು ಬದಲಿಸುವ ಪಿಎಚ್‌ಪಿ ಫಂಕ್ಷನ್. ನಂಬಿಕೆ ಸಾಲದೆ ಡೀಬಗರ್ ಜೋಡಿಸಿ ಮತ್ತೊಮ್ಮೆ ಬೀಳಿಸಿದೆ. ಕರೆಗಳ ಪಟ್ಟಿಯಲ್ಲಿ ಪಿಎಚ್‌ಪಿ ಡಿಎಲ್‌ಎಲ್‌ನೊಳಗಿನ ಪಿಸಿಆರ್‌ಇ (ರೆಗ್ಯುಲರ್ ಎಕ್ಸ್‌ಪ್ರೆಷನ್ ನಡೆಸುವ ಲೈಬ್ರರಿ) ಫಂಕ್ಷನ್ನಿನ ಅದೇ ಹೆಸರು, ಅದರ ಕೆಳಗೆ ಅದೇ ಹೆಸರು, ಎಷ್ಟು ಕೆಳಗೆ ಸರಿಸಿದರೂ ಅದೇ.

ಆ ಪ್ಯಾಟರ್ನ್‌ನಲ್ಲಿ ಆವರಣದೊಳಗೆ "ಚುಕ್ಕೆ ಅಥವಾ ಹೊಸ ಸಾಲು" ಎಂದು ಬರೆದು, ಆವರಣದ ಮೇಲೆ ನಕ್ಷತ್ರ ಹಾಕಲಾಗಿತ್ತು. ಚುಕ್ಕೆ ಎಂದರೆ ಹೊಸ ಸಾಲು ಬಿಟ್ಟು ಯಾವುದಾದರೂ ಒಂದು ಅಕ್ಷರ, ನಕ್ಷತ್ರ ಎಂದರೆ ಅದು ಎಷ್ಟು ಬಾರಿಯಾದರೂ. ನಮ್ಮಲ್ಲಿ ಅರ್ಧದಷ್ಟು ಜನ ಹೀಗೆಯೇ ಬರೆಯುತ್ತಾರೆ. ಹಳೆಯ ಪಿಸಿಆರ್‌ಇ ಆ ಆವರಣದ ಒಂದೊಂದು ಸುತ್ತಿಗೂ ತನ್ನನ್ನೇ ಮತ್ತೆ ಕರೆದುಕೊಳ್ಳುತ್ತದೆ. ಅದರ ಕೈಪಿಡಿಯ ಪ್ರಕಾರ ಹೀಗೆ ತನ್ನನ್ನೇ ಕರೆದುಕೊಳ್ಳುವ ಒಂದು ರಿಕರ್ಷನ್‌ಗೆ ಸುಮಾರು 500 ಬೈಟ್ ಸ್ಟ್ಯಾಕ್ ಬೇಕು. ವಿಂಡೋಸ್‌ನ ಅಪಾಚೆ ಒಂದು ಥ್ರೆಡ್‌ಗೆ ಕೊಡುವುದು 256 ಕೆಬಿ. ಭಾಗಿಸಿ ನೋಡಿ, ಐದುನೂರು ಚಿಲ್ಲರೆ. ಪಿಎಚ್‌ಪಿಯ ಡೀಫಾಲ್ಟ್ ರಿಕರ್ಷನ್ ಲಿಮಿಟ್ ಆದರೋ 1,00,000. ಬೇಲಿ ಇದೆ, ಆದರೆ ಪ್ರಪಾತದ ಆಚೆ ದಡದಲ್ಲಿದೆ. ಮೊದಲ ಹನ್ನೊಂದು ಲೇಖನಗಳಲ್ಲಿ ಗುರುತುಗಳ ನಡುವೆ ಇದ್ದದ್ದು ಎರಡು ಮೂರು ಸಾಲು, ಹನ್ನೆರಡನೆಯದರಲ್ಲಿ ಇಡೀ ಒಂದು ಕೋಷ್ಟಕ.

ಅಪಾಚೆ ಇಲ್ಲದೆ ನೇರ ಕಮಾಂಡ್ ಲೈನ್‌ನಲ್ಲಿ ಓಡಿಸಿದಾಗ ಅದೇ ಸ್ಕ್ರಿಪ್ಟ್ ಹನ್ನೆರಡನ್ನು ದಾಟುತ್ತಿದ್ದುದಕ್ಕೂ ಕಾರಣ ಆಗ ತಿಳಿಯಿತು. ಅಲ್ಲಿ ಪಿಎಚ್‌ಪಿಗೆ ಸಿಗುವ ಸ್ಟ್ಯಾಕ್ ಬಹಳ ದೊಡ್ಡದು. ಲಿನಕ್ಸ್‌ನಲ್ಲೂ ಸಾಮಾನ್ಯವಾಗಿ 8 ಎಂಬಿ ಇರುತ್ತದೆ. ಬಾಡಿಗೆ ಸರ್ವರ್‌ಗೆ ಹಣ ಕೊಟ್ಟಾಗಿತ್ತಲ್ಲ, ಅಲ್ಲಿ ಸುಮಾರು 40,000 ಅಕ್ಷರಗಳ ಒಂದು ತುಂಡನ್ನು ಅದೇ ಪ್ಯಾಟರ್ನ್‌ಗೆ ಕೊಟ್ಟೆ. ಅಲ್ಲೂ ಬಿತ್ತು, ಸೆಗ್ಮೆಂಟೇಷನ್ ಫಾಲ್ಟ್. ಲಿನಕ್ಸ್‌ಗೆ ಹೋಗಿ ಎಂದವರು ಹೇಳಿದ್ದು ತಪ್ಪಲ್ಲ, ಆದರೆ ರೋಗ ಅಲ್ಲೂ ಇದೆ, ಕಾಣಿಸಿಕೊಳ್ಳುವುದು ತಡ, ಅಷ್ಟೇ.

ಮೊದಲ ಮದ್ದು ಅಪಾಚೆಯ ಥ್ರೆಡ್‌ಗಳನ್ನು ನಿರ್ವಹಿಸುವ ಎಂಪಿಎಂ ಭಾಗದ ಕಾನ್ಫಿಗ್‌ನಲ್ಲಿ. ವಿಂಡೋಸ್‌ಗೆಂದಿರುವ ವಿನ್‌ಎನ್‌ಟಿ ವಿಭಾಗದೊಳಗೆ ಥ್ರೆಡ್‌ಸ್ಟ್ಯಾಕ್‌ಸೈಜ್ 8388608 (ಅಂದರೆ 8 ಎಂಬಿ) ಎಂದು ಒಂದು ಸಾಲು, ರೀಸ್ಟಾರ್ಟ್. ಹನ್ನೆರಡನೆಯ ಲೇಖನ ದಾಟಿತು. ಕುರ್ಚಿಯಿಂದ ಎದ್ದು ನಿಂತೇಬಿಟ್ಟೆ.

ಇಲ್ಲೊಂದು ಎಚ್ಚರಿಕೆ. ಅದೇ ವಿಭಾಗದಲ್ಲಿ ಥ್ರೆಡ್ಸ್‌ಪರ್‌ಚೈಲ್ಡ್ 150 ಎಂದಿತ್ತು. 150 ಥ್ರೆಡ್, ತಲಾ 8 ಎಂಬಿ, ಒಟ್ಟು 1200 ಎಂಬಿ. ವಿಂಡೋಸ್ ಅಷ್ಟೂ ಮೆಮೊರಿಯನ್ನು ಆಗಲೇ ಬಳಸುವುದಿಲ್ಲ ನಿಜ, ಆದರೆ ವಿಳಾಸದ ಜಾಗವನ್ನು ಕಾಯ್ದಿರಿಸುತ್ತದೆ, ಮತ್ತು 32 ಬಿಟ್ ಪ್ರೊಸೆಸ್‌ಗೆ ಸಾಮಾನ್ಯವಾಗಿ ಸಿಗುವುದೇ 2 ಜಿಬಿ. ಮಾರನೆಯ ದಿನ ದೊಡ್ಡ ಚಿತ್ರಗಳನ್ನು ಕುಗ್ಗಿಸುವ ಇನ್ನೊಂದು ಸ್ಕ್ರಿಪ್ಟ್ ಮೆಮೊರಿ ಸಿಗಲಿಲ್ಲ ಎಂದು ನಿಂತುಬಿಟ್ಟಿತು. ಟಾಸ್ಕ್ ಮ್ಯಾನೇಜರ್ ನೋಡಿದರೆ ಮೆಮೊರಿ ಬೇಕಾದಷ್ಟು ಖಾಲಿ. ಥ್ರೆಡ್‌ಗಳನ್ನು 20ಕ್ಕೆ ಇಳಿಸಿದೆ, ಸರಿಹೋಯಿತು. ಒಬ್ಬನೇ ಕೆಲಸ ಮಾಡುವ ಲೋಕಲ್ ಸರ್ವರ್‌ಗೆ 20 ಧಾರಾಳ.

ಎರಡನೆಯದು ರಿಕರ್ಷನ್ ಲಿಮಿಟ್. 8 ಎಂಬಿಗೆ ಲೆಕ್ಕ ಹದಿನಾರು ಸಾವಿರದ ಆಸುಪಾಸು ಬರುತ್ತದೆ, ನಾನು 15,000 ಇಟ್ಟೆ. ಈಗ ಮಿತಿ ಮೀರಿದರೆ ಅಪಾಚೆ ಬೀಳುವುದಿಲ್ಲ, ಪಿಎಚ್‌ಪಿ ತಪ್ಪೆಂದು ಹೇಳಿ ನಿಲ್ಲುತ್ತದೆ. ಹೇಳುತ್ತದೆ ಎಂದೆನಲ್ಲ, ಕೇಳಿದರೆ ಮಾತ್ರ ಹೇಳುತ್ತದೆ. ಪ್ರೆಗ್ ರಿಪ್ಲೇಸ್ ಸೋತಾಗ ಮರಳಿ ಕೊಡುವುದು ನಲ್, ಅಂದರೆ ಏನೂ ಇಲ್ಲ ಎಂಬ ಬೆಲೆ. ಅದನ್ನು ಪರೀಕ್ಷಿಸದೆ ಹಾಗೆಯೇ ಡೇಟಾಬೇಸ್‌ಗೆ ಬರೆದರೆ ಲೇಖನದ ಜಾಗದಲ್ಲಿ ಖಾಲಿ ಉಳಿಯುತ್ತದೆ. ನನ್ನಲ್ಲಿ ನಾಲ್ಕು ಲೇಖನಗಳು ಹಾಗೆ ಬರಿದಾದವು. ಇಡೀ ಕೆಲಸದಲ್ಲಿ ನನಗೆ ನಿಜವಾಗಿ ಭಯವಾದದ್ದು ಆ ಸಂಜೆ. ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು, ಉಳಿದುಕೊಂಡೆ. ಈಗ ಪ್ರತಿ ಕರೆಯಾದೊಡನೆ, ಕೊನೆಯ ದೋಷದ ಸಂಖ್ಯೆ ಕೊಡುವ ಪ್ರೆಗ್ ಲಾಸ್ಟ್ ಎರರ್ ನೋಡುತ್ತೇನೆ. 2 ಬಂದರೆ ಬ್ಯಾಕ್‌ಟ್ರ್ಯಾಕ್ (ಹಿಂದೆ ಸರಿದು ಮತ್ತೆ ಹೊಂದಿಸಿ ನೋಡುವ) ಮಿತಿ, 3 ಬಂದರೆ ರಿಕರ್ಷನ್ ಮಿತಿ. ಸೊನ್ನೆಯಲ್ಲದೆ ಬೇರೇನು ಬಂದರೂ ಬರೆಯುವುದಿಲ್ಲ.

ಮೂರನೆಯದು ಪ್ಯಾಟರ್ನ್ ಅನ್ನೇ ತಿದ್ದುವುದು, ನಿಜವಾದ ಚಿಕಿತ್ಸೆ ಅದೇ. ಆವರಣ ತೆಗೆದು, ಚುಕ್ಕೆಗೆ ಹೊಸ ಸಾಲೂ ಸೇರುವ ಎಸ್ ಗುರುತು ಹಾಕಿ, ನಕ್ಷತ್ರದ ನಂತರ ಪ್ರಶ್ನಾರ್ಥಕ ಚಿಹ್ನೆ ಇಟ್ಟರೆ ಹೆಚ್ಚಿನ ಕಡೆ ಸಾಕು. ಸ್ಟ್ಯಾಕ್ ಆಳಕ್ಕೆ ಇಳಿಯುವುದೇ ಇಲ್ಲ. ಒಂದರೊಳಗೊಂದು ಗುರುತುಗಳಿರುವ ಲೇಖನಗಳಿಗೆ ಮಾತ್ರ ಇದು ಸಾಲದು. ಅವುಗಳನ್ನು ಎಲ್ಲಿ ಕತ್ತರಿಸಿ ಯಾವ ಕ್ರಮದಲ್ಲಿ ಮತ್ತೆ ಜೋಡಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನಾಲ್ಕು ರಾತ್ರಿ ಹಿಡಿಯಿತು, ಮುಂದಿನ ಎರಡು ಕೆಲಸಗಳು ನನಗೆ ಸಿಕ್ಕಿರುವುದೂ ಅದರಿಂದಲೇ.

ನಡುವೆ ಒಂದು ಪ್ರಯೋಗಕ್ಕೆ ಕೈಹಾಕಿದೆ, ಕೆಲಸಕ್ಕೆ ಬೇಕಿರಲಿಲ್ಲ, ಆದರೆ ತಡೆಯಲಾಗಲಿಲ್ಲ. ಹಳೆಯ 256 ಕೆಬಿ ಸ್ಟ್ಯಾಕ್, ಹಳೆಯ ಪ್ಯಾಟರ್ನ್ ಇಟ್ಟುಕೊಂಡು ಇಂಗ್ಲಿಷ್ ಪಠ್ಯ ಮತ್ತು ಕನ್ನಡ ಪಠ್ಯ ಎಲ್ಲೆಲ್ಲಿ ಬೀಳುತ್ತವೆ ಎಂದು ಅಳೆದೆ. ಯೂನಿಕೋಡ್ ಗುರುತಾದ ಯು ಹಾಕದಿದ್ದರೆ ಚುಕ್ಕೆಗೆ ಸಿಗುವುದು ಒಂದು ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. "ಸ್ತ್ರೀ" ಎಂಬುದು ಕಣ್ಣಿಗೆ ಒಂದೇ ಅಕ್ಷರ, ಒಳಗೆ ಆರು ಸಂಕೇತ, 18 ಬೈಟ್, ಅಂದರೆ 18 ಸುತ್ತು. ಇಂಗ್ಲಿಷ್ ಒಂದು ಪುಟ್ಟ ಪ್ಯಾರಾ ದಾಟುವಲ್ಲಿ ಕನ್ನಡ ಎರಡನೆಯ ವಾಕ್ಯಕ್ಕೇ ಬೀಳುತ್ತಿತ್ತು. ಯು ಹಾಕಿದೊಡನೆ ಕನ್ನಡ ಹೆಚ್ಚುಕಡಿಮೆ ಮೂರು ಪಟ್ಟು ದೂರ ಹೋಯಿತು. ಕನ್ನಡ ಪಠ್ಯದ ಮೇಲೆ ಕೆಲಸ ಮಾಡುವವರು ಆ ಒಂದು ಗುರುತನ್ನು ಮರೆಯದಿರಿ. ಇಲ್ಲವಾದರೆ ಇಂಗ್ಲಿಷ್‌ನಲ್ಲಿ ಪರೀಕ್ಷಿಸಿ ಗೆದ್ದದ್ದು ಕನ್ನಡದಲ್ಲಿ ಬೀಳುತ್ತದೆ.

ಇನ್ನೊಂದು ಪ್ರಯೋಗ: ಸ್ಟ್ಯಾಕ್ 64 ಎಂಬಿ ಮಾಡಿ 150 ಥ್ರೆಡ್ ಹಾಗೇ ಬಿಟ್ಟರೆ ಏನಾಗುತ್ತದೆ? ಸರ್ವರ್ ನೆಟ್ಟಗೆ ಏಳಲೇ ಇಲ್ಲ. 20 ಥ್ರೆಡ್ ಇಟ್ಟರೆ ಎದ್ದಿತು, ಲಾಭವೇನೂ ಕಾಣಲಿಲ್ಲ, 8ಕ್ಕೇ ಮರಳಿದೆ. ಪಿಎಚ್‌ಪಿ 7.0ರಲ್ಲಿ ಬರೀ ಆ ಒಂದು ಸಾಲಿನ ಪರೀಕ್ಷೆ ಓಡಿಸಿದೆ: ಅಲ್ಲಿ ಪಿಸಿಆರ್‌ಇಯ ಜೆಐಟಿ (ಪ್ಯಾಟರ್ನ್ ಅನ್ನು ನೇರ ಯಂತ್ರಭಾಷೆಗೆ ಬದಲಿಸುವ ಸೌಲಭ್ಯ) ಡೀಫಾಲ್ಟ್ ಆಗಿ ಚಾಲೂ ಇರುವುದರಿಂದ ಬೀಳಲಿಲ್ಲ, ಎರರ್ ಸಂಖ್ಯೆ 6 (ಜೆಐಟಿಯ ಸ್ಟ್ಯಾಕ್ ಸಾಲದು) ಕೊಟ್ಟು ನಲ್ ಮರಳಿಸಿತು. ಜೆಐಟಿ ನಿಲ್ಲಿಸಿದರೆ 5.6ರ ಹಾಗೆಯೇ ಬಿತ್ತು. 7.3ರಲ್ಲಿ ಜೆಐಟಿ ನಿಲ್ಲಿಸಿದರೂ ಬೀಳಲಿಲ್ಲ. ಅಲ್ಲಿಂದ ಪಿಸಿಆರ್‌ಇ2 ಬಂದಿದೆ, ಅದರ ಹೊಸ ಆವೃತ್ತಿಗಳು ಈ ಲೆಕ್ಕವನ್ನು ಸ್ಟ್ಯಾಕ್‌ನಲ್ಲಿ ಇಡುವುದಿಲ್ಲ. ನಿಮ್ಮ ಸರ್ವರ್ 7.3 ಅಥವಾ ಅದಕ್ಕಿಂತ ಹೊಸದರಲ್ಲಿದ್ದು 725 ಕಾಣಿಸಿದರೆ ಕಾರಣ ಬೇರೆಡೆ ಹುಡುಕಿ.

ನಿಂತಿದ್ದ ಎರಡನೆಯ ಕಂತು ಕಳೆದ ವಾರ ಬಂತು. ರ‍್ಯಾಮ್ ಅನ್ನು ಮರಳಿಸಲಾಗಲಿಲ್ಲ, ಯಂತ್ರದಲ್ಲೇ ಇದೆ. ಲಾಗ್‌ನಲ್ಲಿ ಈಗ ಸರ್ವರ್ ಏಳುವಾಗಿನ ಸಾಲುಗಳು ಮಾತ್ರ, ಅವುಗಳಲ್ಲಿ ಕೊನೆಯದು 20 ಥ್ರೆಡ್ ಆರಂಭಿಸಿದ್ದೇನೆ ಎನ್ನುತ್ತದೆ. ಬಾಡಿಗೆ ಸರ್ವರ್‌ಗೆ ಇನ್ನೂ ಹನ್ನೊಂದು ದಿನ ಬಾಕಿಯಿದೆ. ಒಳಗೊಳಗೆ ಗುರುತುಗಳಿರುವ ಕೊನೆಯ ಹದಿನಾಲ್ಕು ಲೇಖನಗಳನ್ನು ಅಷ್ಟರಲ್ಲಿ ಅಲ್ಲೂ ಒಮ್ಮೆ ಓಡಿಸಿ ಎರಡೂ ಕಡೆಯ ಫಲಿತಾಂಶಗಳನ್ನು ಹೋಲಿಸಿ ನೋಡುತ್ತೇನೆ.