ದಾಸವಾಳ ಕುದಿಸುವುದು ಬೇಡ, ಕಾಗದಕ್ಕೆ ಉಜ್ಜಿಸಿ

ಆಮ್ಲ, ಪ್ರತ್ಯಾಮ್ಲದ ಪಾಠಕ್ಕೆ ಹೂವು ಕುದಿಸಿ ಸೋಸಬೇಕಾಗಿಲ್ಲ. ಕೆಂಪು ದಾಸವಾಳದ ಎಸಳನ್ನು ಮಕ್ಕಳೇ ಬಿಳಿ ಕಾಗದದ ಮೇಲೆ ಗಟ್ಟಿಯಾಗಿ ಉಜ್ಜಲಿ. ನೇರಳೆ ಬಣ್ಣ ಹತ್ತುತ್ತದೆ. ಒಣಗಿದ ಮೇಲೆ ಪಟ್ಟಿ ಕತ್ತರಿಸಿ, ಕಡ್ಡಿಯ ತುದಿಯಿಂದ ಒಂದೊಂದೇ ಹನಿ ಇಡಿಸಿ. ಆಮ್ಲವಾದ ನಿಂಬೆರಸ ಬಿದ್ದಲ್ಲಿ ಗುಲಾಬಿ, ಪ್ರತ್ಯಾಮ್ಲವಾದ ಅಡುಗೆ ಸೋಡಾ ನೀರು ಬಿದ್ದಲ್ಲಿ ಹಸಿರು ಛಾಯೆ. ಹನಿ ಹರಡುತ್ತಾ ಅಂಚಿನಲ್ಲಿ ಬಣ್ಣ ತಿರುಗುವುದನ್ನು ಮಕ್ಕಳು ಮೂಗು ತಾಗುವಷ್ಟು ಬಗ್ಗಿ ನೋಡುತ್ತಾರೆ, ಆ ಹೊತ್ತಿನಲ್ಲಿ ಅವಸರ ಮಾಡಬೇಡಿ. ಎಸಳಿನಲ್ಲಿರುವ ಆಂಥೋಸಯನಿನ್ ಎಂಬ ಬಣ್ಣದ ವಸ್ತು ಆಮ್ಲದಲ್ಲಿ ಒಂದು ಬಣ್ಣ, ಪ್ರತ್ಯಾಮ್ಲದಲ್ಲಿ ಇನ್ನೊಂದು ಬಣ್ಣ ತೋರಿಸುತ್ತದೆ. ಅಷ್ಟೇ ವಿಷಯ. ಹಳದಿ, ಬಿಳಿ ದಾಸವಾಳದಲ್ಲಿ ಇದು ಆಗುವುದಿಲ್ಲ. ಕೆಲವು ಕಾಗದಗಳಲ್ಲಿ ಸೀಮೆಸುಣ್ಣದಂಥ ಪುಡಿ ಸೇರಿರುತ್ತದೆ, ಉಜ್ಜಿದ ಕೂಡಲೇ ನೀಲಿಗೆ ತಿರುಗಬಹುದು. ಅದಕ್ಕೇ ಹಿಂದಿನ ದಿನವೇ ಒಂದು ತುಂಡಿನಲ್ಲಿ ನೋಡಿಕೊಳ್ಳಿ. ಪಟ್ಟಿಗಳನ್ನು ಜಾಸ್ತಿ ದಿನ ಇಡಬೇಡಿ, ಬಣ್ಣ ಮಾಸುತ್ತದೆ. ಹೂವು ಸಿಗದಿದ್ದರೆ ಅರಿಶಿನ ಹಚ್ಚಿದ ಕಾಗದ ಆಗುತ್ತದೆ, ಆದರೆ ಅದು ಸೋಡಾ, ಸಾಬೂನಿನಂಥ ಪ್ರತ್ಯಾಮ್ಲಕ್ಕೆ ಮಾತ್ರ ಕೆಂಪಾಗುತ್ತದೆ. ನಿಂಬೆರಸಕ್ಕೂ ಬರೀ ನೀರಿಗೂ ವ್ಯತ್ಯಾಸ ತೋರಿಸುವುದಿಲ್ಲ. ಪ್ರತ್ಯಾಮ್ಲವೆಂದು ಎಲೆ ಅಡಿಕೆಯ ಸುಣ್ಣ ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ತಾಗಿದರೆ ಅಪಾಯ.